ಅಡವಯ್ಯ ಹೊಂಡ ಮುಚ್ಚಿಸಿದ್ದು

ಕೊಂಡಗೂರಿನ ಪಾಳೆಯಗಾರ ವೀರಗುಂಡನಾಯಕನಿಗೆ ತನ್ನ ಮಣ್ಣೆಂದರೆ ಬಹಳ ಅಭಿಮಾನ. ಬೇಸಿಗೆ ಬಂದಾಗ ಅರಮನೆ ತೋಟದ ಹಳೆಯ ಹೊಂಡದಿಂದ ರೈತರು ಹೂಳು ತೆಗೆದು, ಗಾಡಿಯಲ್ಲಿ ಹೊಡೆದು, ತಮ್ಮ ಹೊಲಕ್ಕೆ ಗೊಬ್ಬರದಂತೆ ಹಾಕಿಕೊಳ್ಳುವುದು ಅವನಜ್ಜನ ಕಾಲದ ರೂಢಿ. "ನಮ್ಮ ಹೊಂಡದ ಮಣ್ಣು ಅವರಿಗೇಕೆ?" ಎಂದು ಮಹಾರಾಯ ಅದನ್ನೂ ನಿಲ್ಲಿಸಿಬಿಟ್ಟ. ನಾಲ್ಕು ಮಳೆಗಾಲ ಕಳೆಯುವುದರೊಳಗೆ ಹೊಂಡ ಹೂಳು ತುಂಬಿ, ಎಮ್ಮೆ ಮಲಗಿದರೂ ಬೆನ್ನು ನೆನೆಯದಷ್ಟಕ್ಕೆ ಬಂತು.

ಒಂದು ದಿನ ಕುದುರೆ ಓಡಿಸಲು ಹೋದ ನಾಯಕ ಅದೇ ಹೊಂಡದ ಕೆಸರಿನಲ್ಲಿ ಸಿಕ್ಕಿಕೊಂಡ. ಸಭೆಗೆ ಬಂದವನೇ ಗುಡುಗಿದ:

"ಆ ಹೊಂಡ ಮುಚ್ಚಿಸಿ! ತಿಂಗಳೊಳಗೆ ನಮ್ಮ ತೋಟ ಸಪಾಟಾಗಬೇಕು. ಎಲ್ಲೂ ಒಂದು ಗುಂಡಿ ಕಾಣಕೂಡದು. ಹೊರಗಿನಿಂದ ಒಂದು ಬುಟ್ಟಿ ಮಣ್ಣೂ ತರಕೂಡದು. ನಮ್ಮಲ್ಲಿ ಮಣ್ಣಿಗೇನು ಬರವೇ?"

ಹೊಂಡದ ಏರಿಯ ಕೆಳಗೆ ಬದನೆ, ಸೌತೆ ಬೆಳೆಯುತ್ತಿದ್ದ ಹೊನ್ನವ್ವ ಸುದ್ದಿ ಕೇಳಿ ಓಡಿಬಂದಳು.

"ಬುದ್ದೀ, ಆ ಹೊಂಡದ ಜಲವೇ ನನ್ ಬಾವಿಗೆ ಬರಾದು. ಈಗ್ಲೇ ತಳ ಕಾಣ್ತಾ ಅದೆ. ಮುಚ್ಚಿಬುಟ್ರೆ ಮಕ್ಳ ಕಟ್ಕಂಡು ಊರು ಬಿಡ್ಬೇಕು. ಹೂಳು ತೆಗ್ಸಿ ಬುದ್ದೀ."

"ನಮಗೇ ಹೇಳಿಕೊಡುತ್ತೀಯಾ?" ಎಂದು ನಾಯಕ ಮುಖ ತಿರುಗಿಸಿದ.

ಆಗ ಎದ್ದು ನಿಂತವನು ಅಡವಯ್ಯ. ಆಸ್ಥಾನದಲ್ಲಿ ಅವನಿಗೆ ಇಂಥದೇ ಕೆಲಸ ಎಂದಿರಲಿಲ್ಲ. ನಾಯಕನನ್ನು ನಗಿಸುತ್ತಿದ್ದ, ಆಗಾಗ ಪೇಚಿಗೂ ಸಿಕ್ಕಿಸುತ್ತಿದ್ದ.

"ದೊರೆಗಳು ಹೇಳಿದ್ದೇ ಸರಿ. ಮುಚ್ಚಿಸುವ ಕೆಲಸ ನನಗೆ ಬಿಡಿ."

ಹೊನ್ನವ್ವ ಅವನನ್ನು ಸುಟ್ಟುಬಿಡುವಂತೆ ನೋಡಿ ಹೊರಟುಹೋದಳು. ಪಾಪ, ಅವಳಿಗೇನು ಗೊತ್ತು.

ಮರುದಿನವೇ ಅಡವಯ್ಯ ಆಳುಗಳನ್ನು ಕಟ್ಟಿಕೊಂಡು ಮಾವಿನ ತೋಪಿನ ಪಕ್ಕದ ಬಯಲನ್ನು ಅಗೆಸತೊಡಗಿದ. ಬಂದ ಮಣ್ಣನ್ನೆಲ್ಲ ಹೊಂಡದ ಏರಿಯ ಮೇಲೆ ಒಟ್ಟಿಸಿದ. ವಾರದ ಮೇಲೆ ನಾಯಕ ಬಂದು ನೋಡಿದರೆ ಬಯಲಿನ ನಡುವೆ ಆಳುದ್ದದ ಗುಂಡಿ!

"ಇದೇನಯ್ಯ?"

"ಹೊಂಡ ಮುಚ್ಚಲು ಮಣ್ಣು ಬೇಕಲ್ಲ ದೊರೆ. ಹೊರಗಿನದು ಬೇಡ ಎಂದಿರಿ."

"ಗುಂಡಿ ಕಾಣಕೂಡದು ಎಂದೂ ಹೇಳಿದ್ದೆ! ಮೊದಲು ಇದನ್ನು ಮುಚ್ಚು."

"ಅಪ್ಪಣೆ."

ಮುಚ್ಚಿದ, ಕುದುರೆಲಾಯದ ಮುಂದೆ ಅಗೆದು. ಕುದುರೆಗಳು ಹೊರಗೆ ಬರಲಾಗದೆ ಒಂದೇ ಸಮನೆ ಕೆನೆದವು. "ಮೊದಲು ಇದನ್ನು ಮುಚ್ಚೋ!" ಎಂದು ಕೂಗಿ ನಾಯಕ ಸಿಟ್ಟಿನಲ್ಲೇ ಬೇಟೆಗೆ ಹೋದ.

ಬೇಟೆ ಮುಗಿಸಿ ಬಂದು, ಮಲ್ಲಿಗೆಯ ಗಾಳಿ ಬರಲೆಂದು ಮಲಗುವ ಮನೆಯ ಕಿಟಕಿ ತೆರೆದ. ಮಲ್ಲಿಗೆಯ ಮಡಿ ಇರಲಿಲ್ಲ. ಆ ಜಾಗದಲ್ಲೊಂದು ಗುಂಡಿ, ಅದರೊಳಗೆ ಅಡವಯ್ಯನ ಮುಂಡಾಸು.

"ಅಡವಯ್ಯಾ! ನನ್ನ ಮಲ್ಲಿಗೆ ಎಲ್ಲೋ?"

"ಬೇರು ಸಮೇತ ತೆಗೆದು ನೆರಳಲ್ಲಿಟ್ಟಿದ್ದೇನೆ ದೊರೆ. ಬಾಡಿಲ್ಲ."

"ಆ ಹೊಂಡವಾದರೂ ಮುಚ್ಚಿತೇ?"

"ಎಲ್ಲಿ ದೊರೆ? ಈ ಗುಂಡಿಗಳನ್ನು ಮುಚ್ಚುವುದರಲ್ಲೇ ದಿನ ಹೋಗುತ್ತಿದೆ. ತಂದ ಮಣ್ಣು ಏರಿಯ ಮೇಲೇ ಕೂತು ಏರಿ ಗಟ್ಟಿಯಾಗಿದೆ. ಈಗ ಈ ಗುಂಡಿಗೆ ಮಣ್ಣು ಬೇಕು. ಇನ್ನು ಉಳಿದಿರುವುದು ಸಭಾಂಗಣದ ನೆಲ. ಅಗೆಸಲೇ?"

"ಬೇಡವೋ ಮಾರಾಯ! ಆ ಹೊಂಡದ ಹೂಳನ್ನೇ ತಂದು ಇದಕ್ಕೆ ಸುರಿ!"

"ಹೂಳು ತೆಗೆದರೆ ಹೊಂಡ ಆಳವಾಗುತ್ತದಲ್ಲ."

"ಆಗಲಿ!"

"ಮಳೆ ಬಂದರೆ ನೀರು ನಿಲ್ಲುತ್ತದಲ್ಲ."

"ನಿಲ್ಲಲಿ!"

"ಇದಕ್ಕೆ ಹಾಕಿಯೂ ಹೂಳು ಮಿಕ್ಕರೆ?"

"ರೈತರು ಹೊಡೆದುಕೊಂಡು ಹೋಗಲಿ! ನನ್ನ ಕಿಟಕಿಯ ಕೆಳಗೆ ಈ ಗುಂಡಿ ಇರಬಾರದು, ಅಷ್ಟೇ!"

ಅಂದಮೇಲೆ ತಾನೇನು ಅಂದೆ ಎಂಬುದು ನಾಯಕನಿಗೆ ಹೊಳೆಯಿತು. ಕಿಟಕಿಯ ಸರಳಿಗೆ ಮುಖ ಒತ್ತಿ ಕೇಳಿದ:

"ಹೂಳು ತೆಗೆಸುವುದೇ ಸರಿ ಎಂದು ಅವತ್ತೇ ಹೇಳಬಾರದಿತ್ತೇನಯ್ಯ?"

"ಹೊನ್ನವ್ವ ಹೇಳಿದಳಲ್ಲ ದೊರೆ. ಆದರೆ ಹೊಂಡ ಅರಮನೆಗೆ ತುಸು ದೂರ, ಅದರ ಕಷ್ಟ ತಮಗೆ ಕಾಣಿಸಲಿಲ್ಲ. ಅದಕ್ಕೇ ಸ್ವಲ್ಪ ಸ್ವಲ್ಪವೇ ಹತ್ತಿರ ತಂದೆ."

ನಾಯಕ ಹೊಟ್ಟೆ ಹಿಡಿದುಕೊಂಡು ನಕ್ಕ. ಕೈಯ ಕಡಗ ಬಿಚ್ಚಿ ಕಿಟಕಿಯಿಂದಲೇ ಗುಂಡಿಯೊಳಕ್ಕೆ ಎಸೆದ. ಮಿಕ್ಕ ಹೂಳಿನ ಮೊದಲ ಗಾಡಿ ಹೊನ್ನವ್ವನ ತೋಟಕ್ಕೇ ಹೋಗಬೇಕೆಂದು ಅಪ್ಪಣೆಯನ್ನೂ ಕೊಟ್ಟ.