ಕೊನೆಯ ಎಲೆಯ ಸಾರು

"ಗುರುಗಳೇ, ಮೀಟರನ್ನು ನಂಬಬೇಕೋ, ಮನುಷ್ಯರನ್ನು ನಂಬಬೇಕೋ?" ಎಂದು ಕಲ್ಮೇಶ ಕೇಳಿದ.

ಸರ್ಕಾರಿ ಆಸ್ಪತ್ರೆಗಳ ಕಂಪ್ಯೂಟರ್ ಕೋಣೆಗೆ ಅವನು ಹೊಸಬ. ದುಂಡಪ್ಪನವರು ಕೆಲಸ ಕಲಿಸುವವರು. ಊರೂರಿನ ಆಸ್ಪತ್ರೆಗಳಿಗೆ ಸ್ಕ್ಯಾನ್ ಚಿತ್ರ ಕಳಿಸಲು ಅಲ್ಲಿದ್ದುದು ಒಂದೇ ದೊಡ್ಡ ಸರ್ವರ್, ಅದರೊಳಗೆ ಬೇರೆ ಬೇರೆ ಕಂಪ್ಯೂಟರುಗಳಂತೆ ಕೆಲಸ ಮಾಡುವ ಎಂಟು ವರ್ಚುವಲ್ ಮೆಷಿನ್‌ಗಳು.

"ಒಂದು ಮೆಷಿನ್ನಿಂದ ಇನ್ನೊಂದಕ್ಕೆ ನೆಟ್‌ವರ್ಕ್ ವೇಗ ಅಳೆದೆ, ಮಿಂಚಿನ ಹಾಗಿದೆ. ಆದರೂ ಗುಡ್ಡದೂರಿನ ನರ್ಸ್ ಶಾಂತವ್ವ ಪದೇ ಪದೇ ಫೋನ್ ಮಾಡುತ್ತಾರೆ. ಸ್ಕ್ಯಾನ್ ಚಿತ್ರ ತೆರೆಯುವುದೇ ಇಲ್ಲವಂತೆ. ನಿನ್ನೆ ತುಂಬು ಬಸುರಿಯೊಬ್ಬಳು ಕಾದು ಕಾದು ಹಾಗೇ ಮನೆಗೆ ಹೋದಳಂತೆ. ನಾಲ್ಕಿದ್ದ ಮೆಷಿನ್ ಎಂಟು ಮಾಡಿದೆ. ದೂರು ಹೆಚ್ಚಾಯಿತು."

"ಕೂತುಕೋ ತಮ್ಮಾ, ಒಂದು ಕತೆ ಕೇಳು" ಎಂದರು ದುಂಡಪ್ಪನವರು.

"ಒಂದು ಮಠದಲ್ಲಿ ಒಬ್ಬ ಅಡುಗೆಯವನಿದ್ದ. ಒಳ್ಳೆಯವನೇ, ನಿನ್ನ ಹಾಗೆ. ಆದರೆ ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಪಂಕ್ತಿಯ ಕೊನೆಯಲ್ಲಿ ಕೂರುವ ಒಬ್ಬ ಮುದುಕಿ ದಿನಾ ಹೇಳುತ್ತಿದ್ದಳು: 'ಸಾರು ತಣ್ಣಗಿದೆಯಪ್ಪಾ.'

ಅವನು ಒಲೆಯ ಮೇಲಿನ ಹಂಡೆಯಿಂದ ಸಾರು ಅಂಗೈಗೆ ಬಿಟ್ಟುಕೊಂಡು ನೆಕ್ಕುತ್ತಿದ್ದ. 'ನನ್ನ ನಾಲಿಗೆ ಸುಡುತ್ತಿದೆ ಅಜ್ಜೀ, ನಿನ್ನದೇ ಜಡ್ಡುಗಟ್ಟಿದೆ' ಎನ್ನುತ್ತಿದ್ದ. ಒಲೆಗೆ ಇನ್ನಷ್ಟು ಕಟ್ಟಿಗೆ ಹಾಕಿದ. ಬಡಿಸುವವರನ್ನು ನಾಲ್ವರಿಂದ ಎಂಟು ಮಾಡಿದ. ಸಾರು ಇನ್ನೂ ತಣ್ಣಗಾಯಿತು.

ಒಂದು ದಿನ ಮುದುಕಿ ದೂರಲಿಲ್ಲ. ಅರ್ಧ ಊಟಕ್ಕೇ ಎಲೆ ಮಡಚಿ ಎದ್ದುಹೋದಳು. ಮರುದಿನ ಅಡುಗೆಯವನು ಸೌಟು ಬಿಟ್ಟು, ಅವಳ ಪಕ್ಕದಲ್ಲೇ ಎಲೆ ಹಾಕಿಕೊಂಡು ಕೂತ. ಒಲೆಯ ಮುಂದೆ ಕಾಣದ್ದು ಅಲ್ಲಿಂದ ಕಂಡಿತು. ಅಡುಗೆಮನೆಗೆ ಬಾಗಿಲು ಒಂದೇ. ಎಂಟು ಬಕೆಟ್ಟುಗಳು ಒಂದನ್ನೊಂದು ಗುದ್ದಿಕೊಂಡು ಅಲ್ಲೇ ನಿಂತಿದ್ದವು!

ಅಂದೇ ಹಿಂಗೋಡೆ ಒಡೆಸಿ ಇನ್ನೊಂದು ಬಾಗಿಲು ಇಡಿಸಿದ. ಆಮೇಲೆ ಮುದುಕಿಯ ನಾಲಿಗೆ ಸುಟ್ಟಿತು. 'ಕೊಲ್ಲುತ್ತೀಯೇನೋ, ಹಾಳಾದವನೇ!' ಎಂದು ಬೈದಳು. ಅವನಿಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ."

ಕಲ್ಮೇಶ ಹಣೆ ಚಚ್ಚಿಕೊಂಡ. "ಅಯ್ಯೋ! ನಾನು ಅಳೆದದ್ದೆಲ್ಲ ಸರ್ವರಿನ ಹೊಟ್ಟೆಯೊಳಗೇ. ಹೊರಗೆ ಹೋಗುವ ಕೇಬಲ್ ಎಂಟಕ್ಕೂ ಒಂದೇ. ಇನ್ನೊಂದು ಹಾಕಿದರೆ ಮುಗಿಯಿತು, ಶಾಂತವ್ವ ಇನ್ನು ಫೋನ್ ಮಾಡುವುದಿಲ್ಲ."

ದುಂಡಪ್ಪನವರು ಅವನ ಹೆಗಲ ಮೇಲೆ ಕೈಯಿಟ್ಟರು.

"ಕೇಬಲ್ ಹಾಕು, ಮಗನೇ; ಗುಡ್ಡದೂರಿಗೆ ಮೊದಲ ಬಸ್ಸು ಎಷ್ಟು ಗಂಟೆಗೆ?"

ಕಲ್ಮೇಶ ತಾನೇ ಶಾಂತವ್ವನಿಗೆ ಫೋನ್ ಮಾಡಿದ: "ನಾಳೆ ಬರುತ್ತೇನೆ, ನಿಮ್ಮ ಪಕ್ಕದಲ್ಲೇ ಕೂತು ಚಿತ್ರ ತೆರೆದು ನೋಡುತ್ತೇನೆ."