ಹಲ್ಲಿ ಲೊಚಗುಟ್ಟಲು ಕಲಿತದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳು ಪೂರ್ತಿ ಒಣಗಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ಹೊಳೆಗೆ ಗೊತ್ತಿರಲಿಲ್ಲ. ಆಗ ಇರುವೆಯೂ ಮಾತಾಡುತ್ತಿತ್ತು, ಗಾಳಿಯೂ ಮಾತಾಡುತ್ತಿತ್ತು. ಹಲ್ಲಿಯಂತೂ ಬಲು ಮಾತುಗಾತಿ.

ಈ ಹಲ್ಲಿ ಇದ್ದದ್ದು ದೇಮವ್ವ ಎಂಬ ಹೆಂಗಸಿನ ಗುಡಿಸಲಿನ ಮಣ್ಣುಗೋಡೆಯಲ್ಲಿ. ದೇಮವ್ವ ಜೋಳ ಬೀಸಲು ಕೂತರೆ ಸಾಕು, ಹಲ್ಲಿ ಸರಸರ ಇಳಿದು ಬೀಸುಕಲ್ಲಿನ ಪಕ್ಕಕ್ಕೆ ಬರುತ್ತಿತ್ತು. ಹಿಟ್ಟು ಉದುರಿದಷ್ಟೂ ಮಾತು ಉದುರುತ್ತಿತ್ತು.

ಒಂದು ಮಧ್ಯಾಹ್ನ ಹೀಗೇ ಮಾತಿನಲ್ಲಿ ಮೈಮರೆತಿದ್ದಾಗ ಹಿಂದಿನಿಂದ ಬೆಕ್ಕು ಬಂತು. ಗಬಕ್ಕನೆ ಹಲ್ಲಿಯ ಬಾಲ ಕಚ್ಚಿತು.

"ಅವ್ವಾ, ಬಿಡಿಸು!"

ದೇಮವ್ವ ಕೈಗೆ ಸಿಕ್ಕ ಮೊರ ಎಸೆದಳು. ಬೆಕ್ಕು ಬಿಡಲಿಲ್ಲ.

"ಬಾಲ ಕಳಚಿ ಓಡೇ ಮಗಳೇ!" ಎಂದು ಕೂಗಿದಳು.

"ಬಾಲವೂ ನಾನೇ ಅಲ್ವಾ ಅವ್ವಾ? ಹೇಗೆ ಬಿಟ್ಟು ಹೋಗಲಿ?"

"ಬಾಲಕ್ಕೇನು ಗೊತ್ತಾಗುತ್ತೆ? ಅರಿವು ಇರೋದು ತಲೆಯಲ್ಲಿ. ತಲೆ ಇದ್ದ ಕಡೆ ನೀನು. ಉಳಿದದ್ದು ಬರೀ ಮಾಂಸ. ಓಡು!"

ಹಲ್ಲಿ ಮೈ ಬಿಗಿಹಿಡಿದು ಒಮ್ಮೆ ಕೊಡವಿತು. ಬಾಲ ಕಳಚಿತು. ಒಂದೇ ಉಸಿರಿಗೆ ಸೂರಿನವರೆಗೆ ಓಡಿ, ತಿರುಗಿ ನೋಡಿತು.

ಬಾಲ ಸುಮ್ಮನೆ ಬಿದ್ದಿರಲಿಲ್ಲ. ನೆಲದ ಮೇಲೆ ವಿಲವಿಲ ಒದ್ದಾಡುತ್ತಿತ್ತು. ಬೆಕ್ಕು ಪಂಜದಿಂದ ತಟ್ಟಿದರೆ ಇನ್ನಷ್ಟು ಒದ್ದಾಡಿತು. ಹಲ್ಲಿಗೆ ಮುಚ್ಚಿಕೊಳ್ಳಲು ಕಣ್ಣಿನ ರೆಪ್ಪೆಯೂ ಇಲ್ಲ. ನೋಡಲೇಬೇಕಾಯಿತು.

"ಅವ್ವಾ, ಅದಕ್ಕೆ ಏನೂ ಗೊತ್ತಾಗೋದಿಲ್ಲ ಅಂದೆಯಲ್ಲ?"

ದೇಮವ್ವ ಬೀಸುಕಲ್ಲು ಬಿಟ್ಟು ಎದ್ದಳು.

"ಗೊತ್ತಾಗದಿದ್ದರೆ ಯಾಕೆ ತಪ್ಪಿಸಿಕೊಳ್ಳೋಕೆ ನೋಡ್ತಿದೆ?"

ದೇಮವ್ವ ಬೆಕ್ಕನ್ನು ಓಡಿಸಿ ಬಾಲದ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಬೆರಳಿನಿಂದ ಮೆಲ್ಲಗೆ ಮುಟ್ಟಿದಳು. ಬಾಲ ಬೆಚ್ಚಿತು. ಮತ್ತೆ ಮುಟ್ಟಿದಳು. ಸ್ವಲ್ಪ ಬೆಚ್ಚಿತು. ಮತ್ತೆ ಮುಟ್ಟಿದಾಗ ತುದಿ ಮಾತ್ರ ಅಲುಗಿತು. ಇನ್ನೊಮ್ಮೆ ಮುಟ್ಟಿದಾಗ ಅಲುಗಿತೋ, ತನ್ನ ಬೆರಳೇ ನಡುಗಿತೋ, ಅವಳಿಗೆ ತಿಳಿಯಲಿಲ್ಲ. ಜೀವ ಎಲ್ಲಿಯವರೆಗೆ ಇತ್ತು, ಎಲ್ಲಿಂದ ಇರಲಿಲ್ಲ ಎಂಬುದೂ ತಿಳಿಯಲಿಲ್ಲ.

ಏನು ಹೇಳಬೇಕೆಂದು ತೋಚದೆ, ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ "ಲೊಚ್, ಲೊಚ್" ಅಂದಳು. ಲೋಕದಲ್ಲಿ ಅಲ್ಲಿಯವರೆಗೆ ಯಾರೂ ಆ ಸದ್ದು ಮಾಡಿರಲಿಲ್ಲ.

ಹಲ್ಲಿ ಹೊಳೆಯ ಹತ್ತಿರ ಹೋಯಿತು. "ನನ್ನ ಬಾಲಕ್ಕೆ ಅರಿವಿತ್ತಾ ಹೊಳೆಯಕ್ಕಾ?"

"ನನ್ನಿಂದ ಒಂದು ಬೊಗಸೆ ತೆಗೆದರೆ ಅದು ನೀರಲ್ಲವಾ?" ಎಂದಿತು ಹೊಳೆ.

ಆ ಮಾತು ಕೇಳಿ ಹಲ್ಲಿಯ ಎದೆ ಇನ್ನಷ್ಟು ಕುಸಿಯಿತು. ಕೊನೆಗೆ ಭೂಮಿತಾಯಿಯನ್ನೇ ಕೇಳಿತು. "ತಾಯೀ, ಅರಿವು ಅನ್ನೋದು ಇದ್ದರೆ ಪೂರ್ತಿ ಇರುತ್ತಾ, ಇಲ್ಲದಿದ್ದರೆ ಇಲ್ಲವೇ ಇಲ್ಲವಾ? ಚೂರುಪಾರೂ ಇರುತ್ತಾ? ನಾನು ಬಿಟ್ಟು ಬಂದದ್ದು ಮಾಂಸವನ್ನಾ, ಜೀವ ಇದ್ದ ಒಬ್ಬಳನ್ನಾ?"

ಭೂಮಿತಾಯಿ ಹೇಳಿದಳು:

"ನಿನ್ನ ಮೂಗಿನಲ್ಲಿ ಜೀವ ಊದಿದ್ದು ನಾನೇ ಮಗಳೇ. ಅದು ಒಳಗೆ ಎಲ್ಲಿಯವರೆಗೆ ಹೋಗಿ ನಿಂತಿತೋ, ನಾನು ನೋಡಲಿಲ್ಲ."

ಹಲ್ಲಿ ಗೋಡೆಗೆ ಮರಳಿತು. ದಿನ ಕಳೆದಂತೆ ಅದಕ್ಕೆ ಹೊಸ ಬಾಲ ಚಿಗುರಿತು. ದೇಮವ್ವನಿಗೆ ಖುಷಿಯೋ ಖುಷಿ. "ನೋಡು, ನಿನಗೇನೂ ಕಡಿಮೆಯಾಗಲಿಲ್ಲ" ಎಂದಳು.

ಹಲ್ಲಿ ಕತ್ತು ಹೊರಳಿಸಿ ಬಾಲವನ್ನು ನೋಡಿತು. "ನಾನು ಅವತ್ತು ಬಿಟ್ಟು ಬಂದವಳೇನಾ ನೀನು?" ಎಂದು ಮೆಲ್ಲಗೆ ಕೇಳಿತು.



ಅಂದಿನಿಂದ ಹಲ್ಲಿ ಬೀಸುಕಲ್ಲಿನ ಪಕ್ಕಕ್ಕೆ ಇಳಿದು ಬರಲಿಲ್ಲ. ದೇಮವ್ವ ಕರೆದಳು, ಬೇಡಿಕೊಂಡಳು. "ನಾನು ನಿನ್ನ ಜೀವ ಉಳಿಯಲಿ ಅಂತ ಹೇಳಿದೆ ಕಣೇ" ಎಂದು ಅತ್ತಳು. ಹಲ್ಲಿಗೆ ಕೋಪವೇನೂ ಇರಲಿಲ್ಲ. ಆದರೆ ಅದರ ಬಾಯಲ್ಲಿ ಮಾತು ಒಂದೊಂದಾಗಿ ಆರಿಹೋಗುತ್ತಿತ್ತು. ಕೊನೆಗೆ ಉಳಿದದ್ದು ದೇಮವ್ವನಿಂದ ಕೇಳಿದ ಆ ಒಂದು "ಲೊಚ್" ಸದ್ದು ಮಾತ್ರ.

ಅದಕ್ಕೇ ಮಗೂ, ಇವತ್ತಿಗೂ ಗೋಡೆಯ ಮೇಲಿನ ಹಲ್ಲಿ ಯಾರೂ ಮಾತಾಡಿಸದಿದ್ದರೂ ತನ್ನಷ್ಟಕ್ಕೆ ಲೊಚಗುಟ್ಟುತ್ತದೆ. ಇನ್ನೊಬ್ಬರ ನೋವು ಎಷ್ಟೆಂದು ತಿಳಿಯದಾಗ ದೊಡ್ಡವರೂ ಹಾಗೇ ಲೊಚಗುಟ್ಟುತ್ತಾರೆ.