ಸುಣ್ಣದ ಕಣಿವೆಯಲ್ಲಿ ಓಗೊಡಮ್ಮ ನೆಲೆಗೊಂಡ ಕಥೆ

ಕಣಿವೆಯ ನಡುಬಂಡೆಯ ಮೇಲೆ ಕೆಂಚವ್ವ ಮೂರು ದಿನವೂ ಕೂರಲಾರಳೆಂದು ಹಟ್ಟಿಯ ಏಳು ಮನೆಯವರ ಮುಂದೆ ಮೊಟ್ಟಮೊದಲು ಹೇಳಿದವನು ಅವಳ ಸ್ವಂತ ದೊಡ್ಡಪ್ಪ ಭರಮಪ್ಪ.

ಅದು ಬೆಟ್ಟಗಳು ಇನ್ನೂ ಮೆಲ್ಲಮೆಲ್ಲನೆ ಬೆಳೆಯುತ್ತಿದ್ದ, ಕಲ್ಲಿಗೂ ಕಿವಿಯಿದೆಯೆಂದು ಜನ ನಂಬಿದ್ದ ಪುರಾತನ ಕಾಲ. ಮೂಡಣದ ಬೆಳ್ಗಲ್ಲುಹಟ್ಟಿಗೂ ಪಡುವಣದ ಮರಡಿಪೇಟೆಗೂ ನಡುವೆ, ಎರಡು ಕರಿಬೆಟ್ಟಗಳ ಸಂದಿನಲ್ಲಿ ಹಾವು ಹರಿದಂತೆ ಒಂದೇ ಒಂದು ಕಾಲುದಾರಿಯಿತ್ತು. ಇಕ್ಕೆಲದಲ್ಲಿ ಕಾರೆ ಕವಳೆಯ ಮುಳ್ಳುಪೊದೆಗಳು ದಟ್ಟೈಸಿ, ಹತ್ತು ಹೆಜ್ಜೆಗೊಂದು ತಿರುವು ಬಂದು, ಮುಂದೆ ನಡೆದವರು ಹಿಂದಿನವರಿಗೆ ಕಾಣದಂತಿದ್ದ ಆ ಸ್ಥಳವು, ಯಾರು ಎಷ್ಟು ಕೂಗಿದರೂ ದನಿಯನ್ನು ಮರಳಿಸದೆ ನುಂಗುತ್ತಿದ್ದುದರಿಂದ, ಮೂಕಕಣಿವೆಯೆಂದು ಹೆಸರಾಗಿತ್ತು.

ಬೆಳ್ಗಲ್ಲುಹಟ್ಟಿಯವರದು ಸುಣ್ಣ ಸುಡುವ ಕಸುಬು. ಕೆಂಚವ್ವ ಮತ್ತು ಅವಳ ತಂಗಿ ದ್ಯಾವಿ ತಂದೆತಾಯಿಯನ್ನು ಕಳೆದುಕೊಂಡ ಹೆಣ್ಣುಮಕ್ಕಳು. ಕಣಿವೆಯ ಬಾಯಲ್ಲಿ ತಂದೆ ಬಿಟ್ಟುಹೋದ ಸುಣ್ಣದ ಗೂಡೊಂದೇ ಅವರ ಆಸ್ತಿ. ಗೂಡಿಗೆ ಬೆಂಕಿಯಿಟ್ಟ ಮೇಲೆ ಮೂರು ಹಗಲು ಮೂರು ರಾತ್ರಿ ಸೌದೆ ಒಟ್ಟುತ್ತಲೇ ಇರಬೇಕು, ಬಿಟ್ಟು ಕದಲುವಂತಿಲ್ಲ. ಹೀಗಾಗಿ ಪೇಟೆಯ ಸಂತೆಗೆ ಇಬ್ಬರೂ ಜೊತೆಯಾಗಿ ಹೋದ ದಿನವೇ ಇಲ್ಲ. ಒಬ್ಬಳು ಗೂಡು ಕಾಯುವುದು, ಒಬ್ಬಳು ಸುಣ್ಣದ ಪುಟ್ಟಿ ಹೊತ್ತು ಒಂಟಿಯಾಗಿ ಕಣಿವೆ ದಾಟುವುದು.

ತಂಗಿಗೆ ನಡೆಯುವುದನ್ನು ಕಲಿಸಿದವಳು ಕೆಂಚವ್ವ, ಹೆದರುವುದನ್ನು ಕಲಿಸಿದವಳೂ ಅವಳೇ. "ನಿರ್ಜನದಾಗೆ ಯಾರಾರ ಹೆಸರು ಹಿಡಿದು ಕೂಗಿದರೆ ಒಂದನೇ ಕೂಗಿಗೆ ಓ ಅನ್ನಬ್ಯಾಡ, ಎರಡನೇದಕ್ಕೂ ಅನ್ನಬ್ಯಾಡ. ಗಾಳಿ ಪೀಡೆ ನಮ್ಮವರ ದನೀಲೇ ಕೂಗತದೆ. ಎರಡೇ ಸಲ ಕೂಗತದೆ. ಮೂರನೇದು ಕೂಗಿದರೆ ಮನುಷ್ಯರು, ಆವಾಗ ಓಗೊಡು." ಇದು ಹಿರಿಯರಿಂದ ಬಂದ ಮಾತು. ದ್ಯಾವಿ ನಗುತ್ತಿದ್ದಳು. "ಅಲ್ಲಕ್ಕಾ, ನಾನೇ ಕೂಗಿದರೆ?" "ನೀನಾದರೂ ಮೂರು ಸಲ ಕೂಗು." "ಮೂರನೇದರ ಹೊತ್ತಿಗೆ ನಂಗೆ ಉಸಿರು ಇರದಿದ್ದರೆ?" "ಬಾಯಿ ಮುಚ್ಚು, ಕೋಡಂಗಿ," ಎಂದು ಅಕ್ಕ ಗದರಿಕೊಳ್ಳುತ್ತಿದ್ದಳು.

ಆ ಬೇಸಿಗೆಯ ಒಂದು ಸಂತೆಯ ದಿನ, ಹೊತ್ತು ನೆತ್ತಿಗೇರುವ ಸಮಯ. ದ್ಯಾವಿ ಪುಟ್ಟಿ ಹೊತ್ತು ಕಣಿವೆ ಹೊಕ್ಕು ತುಸು ಹೊತ್ತಾಗಿತ್ತು. ಕೆಂಚವ್ವ ಗೂಡಿನ ಬಾಯಿಗೆ ಸೌದೆ ಒಟ್ಟುತ್ತಿದ್ದಳು. ಕಣಿವೆಯ ಕಡೆಯಿಂದ "ಅಕ್ಕಾ!" ಎಂದು ಕೇಳಿತು. ತಂಗಿಯ ದನಿಯೇ. ಕೈಯಲ್ಲಿದ್ದ ಸೌದೆ ಕೈಯಲ್ಲೇ ನಿಂತಿತು. ಬಾಯಿಗೆ ಬಂದ ಓ ಹಲ್ಲಿನ ಒಳಗೇ ನಿಂತಿತು. "ಅಕ್ಕಾ!" ಎಂದು ಎರಡನೆಯದು ಬಂತು, ಬಟ್ಟೆ ಹರಿದಂತೆ. ಕೆಂಚವ್ವ ಉಸಿರು ಬಿಗಿಹಿಡಿದು, ಎರಡೂ ಕಿವಿಗಳನ್ನು ಬೆಟ್ಟಕ್ಕೆ ಕೊಟ್ಟು, ಮೂರನೆಯ ಕೂಗಿಗೆ ಕಾದಳು.

ಮೂರನೆಯದು ಬರಲಿಲ್ಲ.

ಅವಳು ಓಡಿಹೋಗಿ ನೋಡಿದಾಗ ಪುಟ್ಟಿ ದಾರಿಯಲ್ಲಿ ಬೋರಲಾಗಿತ್ತು. ಚೆಲ್ಲಿದ ಸುಣ್ಣದ ಮೇಲೆ ಮೂವರು ಗಂಡಸರ ಮೆಟ್ಟಿನ ಗುರುತು. ಅಲ್ಲಿಂದ ಒಂದು ಬಿಳಿಯ ಗೆರೆ ನಡುಬಂಡೆಯ ಅಂಚಿನವರೆಗೂ ಎಳೆದುಕೊಂಡು ಹೋಗಿ, ಕೊಳ್ಳದ ಬಾಯಲ್ಲಿ ಕೊನೆಗೊಂಡಿತ್ತು. ಏಳು ಮನೆಯವರು ಏಳು ದಿನ ಹುಡುಕಿದರೂ ಒಂದು ಬಳೆಯ ಚೂರೂ ಸಿಗಲಿಲ್ಲ.

ಎಂಟನೆಯ ದಿನ ಹಟ್ಟಿಯ ಕಟ್ಟೆಯ ಮೇಲೆ ಭರಮಪ್ಪ ತೀರ್ಮಾನ ಹೇಳಿದ. "ಇವತ್ತಿನಿಂದ ಹೆಣ್ಣುಮಕ್ಕಳು ಕಣಿವೆ ತುಳಿಯೋದು ಬ್ಯಾಡ. ಸುಣ್ಣ ಗಂಡಸರು ಹೊರತಾರೆ. ಕೆಂಚಿ, ನಿನ್ನ ಗೂಡು ನಾ ನೋಡಿಕೊಳ್ಳತೀನಿ, ನೀ ಮನ್ಯಾಗೆ ಈಚಲಚಾಪೆ ಹೆಣಕೊಂಡಿರು. ನಿನ್ನ ಒಳ್ಳೇದಕ್ಕೇ ಹೇಳತಿರೋದು."

"ಸುಣ್ಣದ ಮ್ಯಾಲೆ ಯಾರ ಹೆಜ್ಜೆ ಇದ್ದವು ದೊಡ್ಡಪ್ಪಾ?"

"ಯಾರವಾದರೇನು, ಗಂಡಸರವು."

"ಹೆಜ್ಜೆ ಗಂಡಸರವು, ಬಾಗಿಲು ಮುಚ್ಚೋದು ಹೆಂಗಸರಿಗೋ? ಮರಡಿಪೇಟೇಲಿ ಬುಟ್ಟಿ ಹೆಣೆಯೋರು, ಗಡಿಗೆ ಮಾರೋರು, ಬಾಣಂತನ ಮಾಡೋ ಮುದುಕೇರು, ಇವರೆಲ್ಲ ಏನು ಹಾರಿಕೊಂಡು ಬರಬೇಕೇನು?" ಕೆಂಚವ್ವ ಎದ್ದು ನಿಂತಳು. "ಗೂಡು ನಿಂಗೇ ಇರಲಿ. ಅಮಾಸೆಗೊಂದು ಪುಟ್ಟಿ ಸುಣ್ಣ ಮಾತ್ರ ಕಳಿಸು. ನಾನು ನಡುಬಂಡೆ ಮ್ಯಾಲೆ ಕೂರತೀನಿ. ಯಾರು ಕೂಗಿದರೂ ಒಂದನೇ ಕೂಗಿಗೇ ಓ ಅನ್ನತೀನಿ."

"ಪೀಡೆ ಕೂಗಿದರೆ?"

"ಪೀಡೆಗೂ ಅನ್ನತೀನಿ. ಅದಕ್ಕೂ ಯಾರೂ ಓಗೊಟ್ಟಿರಲಿಕ್ಕಿಲ್ಲ, ಪಾಪ."

ಕಟ್ಟೆಯ ಮೇಲಿನವರು ನಕ್ಕರು. ಭರಮಪ್ಪ ಎಲೆಯಡಿಕೆ ಉಗುಳಿ ಹೇಳಿದ: "ಮೂರು ದಿನ. ನಾಕನೇ ದಿನ ನಾವು ಕರೆಯಾಕೆ ಹೋಗೋದೂ ಬ್ಯಾಡ, ತಾನೇ ಬರತಾಳೆ ಬಿಡ್ರಪ್ಪಾ."

ನಡುಬಂಡೆಯೆಂದರೆ ಕಣಿವೆಯ ಎರಡೂ ಬಾಯಿಗಳ ಸಮದೂರದಲ್ಲಿ, ದಾರಿಗೆ ತುಸು ಮೇಲೆ, ಆನೆ ಮಂಡಿಯೂರಿದಂತೆ ಕುಳಿತಿರುವ ಕರಿಗಲ್ಲು. ಕೆಂಚವ್ವ ಅದರ ಮೇಲೆ ಕಾರೆಮುಳ್ಳಿನ ಬೇಲಿ ಕಟ್ಟಿ, ಸೋಗೆಯ ಗುಡಿಸಲೊಂದನ್ನು ಎಬ್ಬಿಸಿ ಕುಳಿತಳು. ಕಣಿವೆ ಹೊಗುವ ಹೆಂಗಸು ಬಾಯಲ್ಲಿ ನಿಂತು ಒಮ್ಮೆ ಕೂಗಬೇಕು. ಕೆಂಚವ್ವ ಒಡನೆಯೇ "ಓ, ಬಾರವ್ವಾ" ಎನ್ನುವಳು. ನಡುಬಂಡೆಯ ಬಳಿ ಬಂದವಳ ಸೆರಗಿಗೆ ಒಂದು ಚಿಟಿಕೆ ಒಣಸುಣ್ಣದ ಗಂಟು ಕಟ್ಟುವಳು. "ಮೈ ಮುಟ್ಟಾಕೆ ಬಂದವನ ಮಾರಿಗೆ ಇದನ್ನ ಎರಚು, ಆಮ್ಯಾಲೆ ಕೂಗು, ಆಮ್ಯಾಲೆ ಓಡು. ನಾಚಿಕೊಂಡು ನಿಲ್ಲಬ್ಯಾಡ." ಆಚೆಯ ಬಾಯಿ ಮುಟ್ಟಿದವಳು "ದಾಟಿದೇ" ಎನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ಕೆಂಚವ್ವನ ಕೈಯ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ.

ಮೂರು ದಿನ ಕಳೆಯಿತು, ಮೂರು ತಿಂಗಳು ಕಳೆಯಿತು. ಮೊದಲು ಬಂದವಳು ಗಡಿಗೆ ಮಾರುವ ಮುದುಕಿ ತಿಪ್ಪಜ್ಜಿ. ಅವಳ ಬೆನ್ನಿಗೆ ಪೇಟೆಯ ಸೊಸೆಯರು, ಹಟ್ಟಿಯ ಮಗಳಂದಿರು. ಹೋಗಿಬರುವವರು ಒಂದೊಂದು ಜೋಳದ ರೊಟ್ಟಿ ಬಂಡೆಯ ಮೇಲಿಟ್ಟು ಹೋಗುವರು.

"ಏ ಕೆಂಚಿ, ನೀ ಹಿಂಗೆ ಓ ಓ ಅಂತ ಕುಂತರೆ ನಿನ್ನ ಮದುವಿ ಯಾವಾಗಲೇ?" ಎಂದು ತಿಪ್ಪಜ್ಜಿ ಕೆಣಕುವಳು.

"ಒಂದನೇ ಕೂಗಿಗೆ ಓ ಅನ್ನೋ ಗಂಡು ಸಿಗಲಿ ಅಜ್ಜೀ, ಆಗತೀನಿ."

"ಹಂಗಾದರೆ ನೀ ಕಲ್ಲಾಗೋದೇ ಸೈ! ನಮ್ಮ ಮುದುಕ ನಾಕನೇ ಕೂಗಿಗೆ ಕೆಮ್ಮತಾನೆ."

ಇಬ್ಬರೂ ನಗುವರು. ಆದರೆ ಅಜ್ಜಿ ತಿರುವಿನಲ್ಲಿ ಮರೆಯಾದೊಡನೆ ಕೆಂಚವ್ವನ ಮುಖ ಕೊಳ್ಳದ ಕಡೆಗೆ ತಿರುಗುವುದು. ದಿನವೆಲ್ಲ ಎಷ್ಟು ಕೂಗು ಕೇಳಿದರೂ, ಪ್ರತಿಯೊಂದು ಕೂಗು ಕಿವಿಗೆ ತಾಕಿ ಯಾರದೆಂದು ತಿಳಿಯುವ ಮುನ್ನ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಇರುತ್ತದಲ್ಲ, ಅವಳು ಬದುಕಿದ್ದು ಆ ಹೊತ್ತಿನಲ್ಲಿ. ಆಮೇಲೆ ಅದು ತಿಪ್ಪಜ್ಜಿಯೋ ಮತ್ತೊಬ್ಬಳೋ ಆಗಿಬಿಡುವುದು; ಅವಳು ಪ್ರೀತಿಯಿಂದಲೇ ಓಗೊಡುವಳು. ಸಂಜೆ ದಾರಿ ಬರಿದಾದ ಮೇಲೆ ಬಂಡೆಯ ಅಂಚಿಗೆ ಹೋಗಿ, "ದ್ಯಾವೀ, ನಾನಿಲ್ಲೇ ಅದೀನಿ. ಇನ್ನೊಂದು ಸಲ ಕೂಗೇ," ಎನ್ನುವಳು. ಮೂಕಕಣಿವೆ ಅದನ್ನೂ ನುಂಗುವುದು. ಮಳೆ ಬಿದ್ದರೆ ಸುಣ್ಣದ ಗೆರೆ ಮಾಸುವುದು. ತನಗೆ ಬಂದ ಪುಟ್ಟಿಯಿಂದ ಒಂದು ಹಿಡಿ ತೆಗೆದು, ಅದೇ ಜಾಡಿನಲ್ಲಿ ಅವಳು ಮತ್ತೆ ಗೆರೆ ಎಳೆಯುವಳು, ತಂಗಿ ಬಂದರೆ ದಾರಿ ತಪ್ಪಬಾರದಲ್ಲ.

ಹೀಗೆ ಹನ್ನೆರಡು ವರ್ಷ ಸಂದವು.

ಹನ್ನೆರಡನೆಯ ವರ್ಷದ ಬೇಸಿಗೆ. ಬುಟ್ಟಿ ಹೆಣೆಯುವವರ ಹುಡುಗಿ ಸಣ್ಣೀರಿ ಮೊದಲ ಸಲ ಆ ದಾರಿಗೆ ಬಂದಿದ್ದಳು. ಸಂಕೋಚದ ಹುಡುಗಿ; ಕಣಿವೆಯ ಬಾಯಲ್ಲಿ ಕೂಗಲು ನಾಚಿ ಸುಮ್ಮನೆ ಒಳಹೊಕ್ಕಳು. ನಡುಬಂಡೆಯ ಬುಡದ ತಿರುವಿನಲ್ಲಿ ಪೊದೆಯಿಂದ ಮೂವರು ಎದ್ದುಬಂದರು. ಕೆಂಚವ್ವನ ಹೆಸರು ಕೂಡ ಆ ಗಳಿಗೆಯಲ್ಲಿ ಹುಡುಗಿಗೆ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಒಂದೇ ಮಾತು.

"ಅಕ್ಕಾ!"

ನಡುಬಂಡೆಯ ಮೇಲೆ ಕೂಗು ಕೆಂಚವ್ವನ ಕಿವಿಗೆ ತಾಕಿತು. ಅದು ದ್ಯಾವಿಯ ದನಿ. ಹನ್ನೆರಡು ವರ್ಷದ ಕೆಳಗಿನ ನಡುಹಗಲು ಕೇಳಿದ, ಅದೇ ಬಟ್ಟೆ ಹರಿದಂಥ ದನಿ. ಪೀಡೆ ನಮ್ಮವರ ದನಿಯಲ್ಲೇ ಕೂಗುತ್ತದೆಂಬ ಹಿರಿಯರ ಮಾತು ನೆನಪಿಗೆ ಬಂತೋ ಇಲ್ಲವೋ, ಆ ಕೂಗಿನ ಕೊನೆಯಕ್ಷರ ಮುಗಿಯುವ ಮೊದಲೇ ಅವಳು ಎದೆ ಬಿರಿಯುವಂತೆ "ಓ! ಬಂದೇ!" ಎಂದು ಓಗೊಟ್ಟು, ಸುಣ್ಣದ ಪುಟ್ಟಿಯನ್ನು ಸೊಂಟಕ್ಕೆ ಅವಚಿ, ದಾರಿ ಬಿಟ್ಟು ಬಂಡೆಯ ಇಳಿಜಾರಿನಲ್ಲೇ ಜಾರಿದಳು. ಪುಟ್ಟಿಯಿಂದ ಸುರಿದ ಸುಣ್ಣ ಬಂಡೆಯುದ್ದಕ್ಕೂ ಬಿಳಿಯ ಧಾರೆಯಾಯಿತು. ಉಳಿದದ್ದನ್ನೆಲ್ಲ ಅವಳು ಆ ಮೂವರ ಮುಖಕ್ಕೆ ಎರಚಿದಳು. ಆಗಲೇ ಕಣಿವೆಯ ಗಾಳಿ ತಿರುಗಿತು. ಅರ್ಧ ಸುಣ್ಣ ಅವಳ ಕಣ್ಣಿಗೇ ಬಿತ್ತು.

ಅವಳ ಓ ಕೇಳಿ, ಹಿಂದಿನ ತಿರುವಿನಲ್ಲಿದ್ದ ತಿಪ್ಪಜ್ಜಿ "ಓ" ಎಂದಳು. ಮುಂದಿನ ತಿರುವಿನ ಸೌದೆಯವಳು "ಓ" ಎಂದಳು. ಕಣಿವೆಯ ಎರಡೂ ಬಾಯಿಗಳಿಂದ, ಪೊದೆಪೊದೆಯಿಂದ ಹೆಣ್ಣುದನಿಗಳು ಓಗೊಡುತ್ತ ಓಡಿಬಂದವು. ಆ ಮೂವರು ಕಣ್ಣು ಕಾಣದೆ, ದಂಡೇ ಬಂತೆಂದು ತಿಳಿದು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ ಕೊಳ್ಳದ ಕಡೆಗೇ ಓಡಿದರು. ಮತ್ತೆ ಅವರನ್ನು ಕಂಡವರಿಲ್ಲ.

ಸಣ್ಣೀರಿ ಕೆಂಚವ್ವನನ್ನು ತಬ್ಬಿಕೊಂಡು, "ಅಕ್ಕಾ, ಕಣ್ಣು ಬಿಡಕ್ಕಾ," ಎಂದು ಅಳುತ್ತಿರಲು, ಬಂಡೆಯ ಬುಡ ಬಿರಿದು ಹಾಲಿನಂಥ ನೀರು ಚಿಮ್ಮಿ ಆ ಕಣ್ಣುಗಳನ್ನು ತೊಳೆದು ಉರಿಯನ್ನು ತಣಿಸಿತು; ನೋಟ ಮಾತ್ರ ಮರಳಲಿಲ್ಲ. ಅನಾದಿಕಾಲದಿಂದ ಮೂಕವಾಗಿದ್ದ ಆ ಶಿಲೆಯೊಳಗಿಂದ ಜಗನ್ಮಾತೆಯ ವಾಣಿ ಹೊರಟಿತು:

"ಮಗಳೇ, ನೀನು ಹನ್ನೆರಡು ಸಂವತ್ಸರ ಕಾದ ಮೂರನೆಯ ಕೂಗು ಇದೇ. ನಿನ್ನ ತಂಗಿಗೆ ಉಸಿರು ಸಾಲದೆ ಉಳಿದದ್ದನ್ನು ಈ ಮಗುವಿನ ಬಾಯಲ್ಲಿ ಕೂಗಿಸಿದೆ. ನೀನು ಓಗೊಟ್ಟೆ. ವರವನ್ನು ಬೇಡು."

ಕೆಂಚವ್ವ ಕಣ್ಣು ಕಾಣದ ಮುಖವನ್ನು ಕಲ್ಲಿನ ಕಡೆಗೆ ಎತ್ತಿ, "ತಂಗೀನ ಕೊಡು," ಎಂದಳು.

"ಅವಳು ನನ್ನ ಮಡಿಲಲ್ಲಿ ನಿದ್ರಿಸಿದ್ದಾಳೆ. ಕೊಡಲಾರೆ. ಕಣ್ಣುಗಳನ್ನು ಬೇಡು, ಕೊಡುತ್ತೇನೆ."

ಕೆಂಚವ್ವ ತನ್ನನ್ನು ತಬ್ಬಿದ್ದ ಸಣ್ಣೀರಿಯ ತಲೆ ಸವರಿದಳು. ಕೊನೆಗೆ ಹೇಳಿದಳು: "ಅವಳನ್ನ ನೋಡಾಕಿಲ್ಲ ಅಂದಮ್ಯಾಲೆ ಕಣ್ಣು ಯಾಕವ್ವಾ? ಈ ಕಣಿವೆಗೊಂದು ಬಾಯಿ ಕೊಡು. ನಾ ಸತ್ತಮ್ಯಾಲೂ ಕೂಗಿದವಳಿಗೆ ಒಂದು ಓ ಸಿಗಬೇಕು."

"ಹಾಗೆಯೇ ಆಗಲಿ," ಎಂದಿತು ಶಿಲೆ. ಆ ಎರಡು ಮಾತು ಬೆಟ್ಟದಿಂದ ಬೆಟ್ಟಕ್ಕೆ ತಾಕಿ ಮರಳಿಬಂದದ್ದೇ ಆ ಕಣಿವೆಯ ಮೊದಲ ಮಾರ್ದನಿ.

ಬಹುಕಾಲದ ಮೇಲೆ ಒಂದು ದಿನ ಕಣಿವೆಯ ಮೂಡಣ ಬಾಯಲ್ಲಿ ಒಂದು ಗಂಡುದನಿ ನಡುಗುತ್ತ "ಕೆಂಚವ್ವಾ" ಎಂದು ಕೂಗಿತು. ಭರಮಪ್ಪ, ಕೋಲೂರಿಕೊಂಡು ಬಂದಿದ್ದ. ಜೊತೆಗೆ, ಗಂಡನ ಮನೆಗೆ ಒಬ್ಬಳೇ ದಾಟಿಹೋಗಬೇಕಾಗಿದ್ದ ಮೊಮ್ಮಗಳು. ಕೂಗುವಾಗಲೇ ಅವನು ಅಂಜಿದ್ದ, ಈ ಹಟಮಾರಿ ತನಗೆ ಓಗೊಟ್ಟಾಳೋ ಇಲ್ಲವೋ ಎಂದು.

"ಓ," ಎಂದಳು ಕೆಂಚವ್ವ, ಒಂದನೇ ಕೂಗಿಗೇ. "ಮೂರು ದಿನ ಆತೇನು ದೊಡ್ಡಪ್ಪಾ?"

ಮುದುಕ ತಲೆ ತಗ್ಗಿಸಿ, "ಕೂಸು ಬರತೈತವ್ವಾ. ಕೇಳಿಸಿಕೋ," ಎಂದಷ್ಟೇ ಹೇಳಿ, "ದಾಟಿದೇ" ಎಂಬ ಮಾತು ಬರುವ ತನಕ ಬಿಸಿಲಲ್ಲೇ ನಿಂತಿದ್ದನು.

ಕೆಂಚವ್ವ ನಡುಬಂಡೆಯಲ್ಲೇ ಐಕ್ಯಳಾದಳು. ಸ್ಥಳಕ್ಕೆ ಬರುವ ಭಕ್ತರು ಈಗಲೂ ನೋಡಬಹುದು: ಬಂಡೆಯ ನೆತ್ತಿಯಿಂದ ಬುಡಕ್ಕೆ ಇಳಿದ ಬಿಳಿಯ ಧಾರೆ ಎಷ್ಟು ಮಳೆಗೂ ಮಾಸಿಲ್ಲ. ಬುಡದ ಒರತೆಯ ನೀರು ಬೇಸಿಗೆಯಲ್ಲೂ ತುಸು ಹಾಲುಬಣ್ಣ. ಇಲ್ಲಿ ತೇರಿಲ್ಲ, ಪಲ್ಲಕ್ಕಿಯಿಲ್ಲ. ವರ್ಷಕ್ಕೊಮ್ಮೆ ಬೇಸಿಗೆಯ ಒಂದು ನಡುಹಗಲು, ಎರಡೂ ಊರಿನ ಹರೆಯದ ಹೆಣ್ಣುಮಕ್ಕಳು ಸೆರಗಿನಲ್ಲಿ ಸುಣ್ಣದ ಗಂಟು ಕಟ್ಟಿಕೊಂಡು ಒಬ್ಬೊಬ್ಬರಾಗಿ ಕಣಿವೆಯನ್ನು ನಡೆಯುತ್ತಾರೆ. ತಾಯಂದಿರು, ಅಜ್ಜಿಯರು ತಿರುವುತಿರುವಿನಲ್ಲಿ ಕುಳಿತು ಓಗೊಡುತ್ತಾರೆ. ಗಂಡಸರು ಎರಡೂ ಬಾಯಿಗಳಲ್ಲಿ ಉಪವಾಸ ನಿಂತು, ಕೊನೆಯವಳು "ದಾಟಿದೇ" ಎಂದ ಮೇಲೆಯೇ ಎಲೆಯ ಮುಂದೆ ಕೂರುತ್ತಾರೆ. ಬಂಡೆಯೆದುರು ನಿಂತು ಒಮ್ಮೆ ಕೂಗಿದರೆ ದನಿ ಎರಡು ಸಲ ಮರಳಿಬರುತ್ತದೆ. ಮೊದಲನೆಯದು ಕೂಗಿದವಳಿಗೆ, ಎರಡನೆಯದು ದ್ಯಾವಿಗೆ ಎನ್ನುತ್ತಾರೆ.

ಮೂರು ದಿನವೂ ಕೂರಲಾರಳೆಂದು ಹೇಳಿಸಿಕೊಂಡ ಕೆಂಚವ್ವ ಇಂದು ಓಗೊಡಮ್ಮ. ಒಂದು ಬಂಡೆ, ಒಂದು ಒರತೆ, ಎರಡು ಊರುಗಳ ನಡುವಿನ ಅಷ್ಟೂ ದಾರಿ ಅವಳ ಸ್ವಂತದ್ದು. ಅದಕ್ಕೆ ಅವಳು ತೆತ್ತದ್ದು ತಂದೆಯ ಗೂಡು, ತನ್ನ ಎರಡು ಕಣ್ಣು, ಮತ್ತು ಒಂದು ನಡುಹಗಲು ಹಲ್ಲಿನ ಒಳಗೇ ಉಳಿದುಹೋದ ಒಂದು ಓ.